ಮೂರನೆಯ ಮೈಕು

ಬೆಳಿಗ್ಗೆಯಿಂದ ಅನೀಲಕುಮಾರ ಮೂರು ಮೈಕುಗಳ ಮುಂದೆ ಕೂತಿದ್ದ. ಒಂದರ ಮುಂದೆಯೂ ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ. ಬಾಗೇವಾಡಿಯ ಎರಿನಾಡು ರೈತ ಸಂಘದ ಗೋದಾಮಿನಲ್ಲಿ, ಹಿಂಗಾರಿ ಬಿತ್ತನೆಗೆಂದು ತರಿಸಿದ್ದ ಕಡಲೆ ಬೀಜದ ಚೀಲಗಳ ನಡುವೆ ಸಂದಿ ಮಾಡಿ ಮೇಜು ಹಾಕಿದ್ದರು. ಚೀಲಗಳು ಸದ್ದನ್ನು ನುಂಗುತ್ತವೆ, ಗೋಡೆಗೆ ಬಡಿದು ದನಿ ತಿರುಗಿ ಬರುವುದಿಲ್ಲ ಎಂದು ಈ ಜಾಗ ತೋರಿಸಿದವನೂ ಅವನೇ. ಸಂಘದಿಂದ ಒಂದು ಪಾಡ್‌ಕಾಸ್ಟ್ ಶುರುವಾಗಬೇಕು, ವಾರಕ್ಕೊಂದು ಸಲ ಬೆಳೆಯ ಮಾತು ರೈತರ ಫೋನಿಗೆ ಹೋಗಬೇಕು, ಕಳೆ ತೆಗೆಯುವ ಹೆಣ್ಣುಮಕ್ಕಳು ಬದುವಿನ ಮೇಲೆ ಫೋನಿಟ್ಟುಕೊಂಡು ಕೇಳಬೇಕು ಎಂದು ಸಭೆಯಲ್ಲಿ ತೀರ್ಮಾನವಾಗಿ ಮುಂಗಾರು ಕಳೆದಿತ್ತು. ಸಾಮಾನು ಆರಿಸುವ ಕೆಲಸ ಕಾರ್ಯದರ್ಶಿಯಾದ ಅವನ ಪಾಲಿಗೆ ಬಂತು. ಮೈಕಿನ ಸಂಗತಿ ನಮ್ಮ ಅನೀಲನನ್ನು ಬಿಟ್ಟು ಮತ್ತಾರಿಗೆ ಗೊತ್ತು ಎಂದು ಅಧ್ಯಕ್ಷ ಬಸಂತರಾಯರು ಅಂದಾಗ ಎಲ್ಲರೂ ನಕ್ಕಿದ್ದರು. ಆ ನಗೆಯ ಅರ್ಥವಾಗದೆ ಸುಮ್ಮನೆ ಕೂತವಳು ಒಬ್ಬಳೇ, ಈಚೆಗೆ ಕೆಲಸಕ್ಕೆ ಸೇರಿದ ಇಂಡಿ ತಾಲೂಕಿನ ಹುಡುಗಿ ದಾನೇಶ್ವರಿ. ಕೃಷಿ ಓದಿದವಳು. ವಿಜಯಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿಗೆ ಬಂದುಹೋಗಿ ಮಾಡುತ್ತಿದ್ದಳು.

ಮೂರು ಮೈಕುಗಳಲ್ಲಿ ಮೊದಲನೆಯದು ಅಂಗಿಯ ಕಾಲರಿಗೆ ಸಿಕ್ಕಿಸುವಂಥದ್ದು, ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ವೈರಿಲ್ಲ, ಹೊಲಕ್ಕೆ ಒಯ್ಯಬಹುದು. ಎರಡನೆಯದು ಮೇಜಿನ ಮೇಲೆ ಕೂತು ಕಂಪ್ಯೂಟರಿಗೆ ಜೋಡಿಕೊಳ್ಳುವ ಕಂಡೆನ್ಸರ್ ಮೈಕು. ಅದರ ಕಿವಿ ಅತಿ ಸೂಕ್ಷ್ಮ. ನಿನ್ನೆ ಹಚ್ಚಿ ನೋಡಿದರೆ ಎದುರಿನ ಹಿಟ್ಟಿನ ಗಿರಣಿ, ಯಾರದೋ ಆಡು, ಬಸ್ ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳ ಮುದ್ದೇಬಿಹಾಳ ಎಂದು ಕೂಗುತ್ತಿದ್ದವನು, ಎಲ್ಲರೂ ಕರೆಯದೆ ಒಳಗೆ ಬಂದು ಕೂತಿದ್ದರು. ಮೂರನೆಯದು ಕೈಯಲ್ಲಿ ಹಿಡಿಯುವ ಹಳೇ ನಮೂನೆಯ ಡೈನಮಿಕ್ ಮೈಕು, ಜೊತೆಗೆ ಅಂಗೈಯಗಲದ ರೆಕಾರ್ಡರು. ಅದಕ್ಕೆ ತನ್ನ ಮುಂದಿನ ಬಾಯಿಯ ಮಾತಷ್ಟೇ ಕೇಳಿಸುತ್ತದೆ, ಉಳಿದ ಲೋಕಕ್ಕೆ ಅದು ಕಿವುಡು. ಈ ಗೋದಾಮಿಗೆ, ಈ ಗಿರಣಿಯ ಎದುರಿಗೆ, ಮೂರನೆಯದೇ ಸರಿಯೆಂದು ಅನೀಲಕುಮಾರನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಕಾಲರಿನ ಮೈಕೇ ಇರಲಿ ಎಂದು ಹಟ ಹಿಡಿದಿದ್ದ. ಅಂಗಿ ತಿಕ್ಕಿದ ಸದ್ದು ಬರುತ್ತದೆ, ಗಾಳಿ ಬರುತ್ತದೆ ಎಂದು ದಾನೇಶ್ವರಿ ಹೇಳಿದರೆ ಗಾಳಿ ಬಂದರೆ ಹೊಲ ಅನ್ನಿಸುತ್ತದೆ ಎಂದ. ದನಿ ತೆಳ್ಳಗೆ ಕೇಳುತ್ತದೆ ಎಂದರೆ ತೆಳ್ಳಗಿದ್ದರೆ ಫೋನಿಗೆ ಭಾರವಾಗುವುದಿಲ್ಲ ಎಂದ. ಇದು ಅವನಿಗೇ ನಗೆ ಬರುವಂಥ ಮಾತು. ಅವಳು ಮಾತ್ರ ನಗದೆ, ತಿಳಿದವರು ಹೇಳಿದ್ದರಲ್ಲಿ ಏನೋ ಇದ್ದೀತು ಎನ್ನುವಂತೆ ತಲೆಯಾಡಿಸಿದ್ದಳು. ಅದು ಅವನನ್ನು ಇನ್ನಷ್ಟು ಚುಚ್ಚಿತು.

ನಿಜವೇನೆಂದರೆ, ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ಒಬ್ಬನೇ ಕೂತು ಮೂರರಲ್ಲೂ ಮಾತಾಡಿ, ಹೆಡ್‌ಫೋನು ಹಾಕಿಕೊಂಡು ಕೇಳಿದ್ದ. ಕಾಲರಿನ ಮೈಕಿನಲ್ಲಿ ಅವನ ದನಿ ಯಾವುದೋ ಊರಿನ ಸಾಲಿ ಮಾಸ್ತರನದಾಗಿತ್ತು. ಸಣ್ಣದು, ಒಣಕಲು, ಯಾರೂ ಗುರುತು ಹಿಡಿಯಲಾರರು. ಮೂರನೆಯದರಲ್ಲಿ ಮಾತ್ರ ಅದು ಬಂತು. ಅದೇ ದನಿ, ಎದೆಯ ತಳದಿಂದ ಎದ್ದು, ಒಂದೊಂದು ಅಕ್ಷರವನ್ನೂ ನಿಲ್ಲಿಸಿ ನಿಲ್ಲಿಸಿ ಇಡುವಂಥದ್ದು. ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಹಾಕಿದ್ದ. ಈ ದನಿ ಬಾಗೇವಾಡಿಯಲ್ಲಿ ಯಾರಿಗೆ ಗೊತ್ತಿಲ್ಲ? ಗೆಳೆಯ ಬಂದೇನವಾಜನ ಆಟೋದ ತಲೆಯ ಮೇಲೆ ಕಟ್ಟಿದ ಭೋಂಗಾದಿಂದ ಬೆಳಗಿನ ಹೊತ್ತು ಅದು ಓಣಿ ಓಣಿ ತಿರುಗುತ್ತದೆ. 'ಬಸವನ ಬಾಗೇವಾಡಿಯ ಸಮಸ್ತ ನಾಗರಿಕರಲ್ಲಿ ವಿನಂತಿ.' ಅಲ್ಲೊಂದು ಬಿಡುವು. ಆ ಬಿಡುವಿನಲ್ಲಿ ಬಾಗಿಲುಗಳು ತೆರೆಯುತ್ತವೆ, ನಳದ ಕೆಳಗಿನ ಕೊಡ ತುಂಬಿ ಚೆಲ್ಲುತ್ತದೆ, ಹಲ್ಲುಜ್ಜುವವರು ಹಾಗೇ ನಿಲ್ಲುತ್ತಾರೆ. ಆಮೇಲೆ ಓಣಿಯ ಹೆಸರು, ಮನೆತನದ ಹೆಸರು, ಕಡೆಗೆ ಸತ್ತವರ ಹೆಸರು. ಯಾವ ಮನೆಗೆ ಲಿಂಗೈಕ್ಯ ಅನ್ನಬೇಕು, ಯಾವ ಮನೆಗೆ ದೈವಾಧೀನ ಅನ್ನಬೇಕು, ಎಲ್ಲಿ ಬರೀ ನಿಧನ ಸಾಕು ಎಂಬುದು ಅವನಿಗೆ ಬಾಯಿಪಾಠ. ಶುರುವಾದದ್ದು ಗೆಳೆಯನಿಗೆ ಉಪಕಾರವೆಂದು, ಕೂಗುವವನು ಊರಿಗೆ ಹೋಗಿದ್ದ ಒಂದು ದಿನ. ಆಮೇಲೆ ಜನ ಬೇರೆ ದನಿಯನ್ನು ಒಪ್ಪಲಿಲ್ಲ. ಮತ್ತಾರೋ ಹೇಳಿದರೆ ಸತ್ತದ್ದು ಖಾತ್ರಿಯಾಗುವುದಿಲ್ಲವಂತೆ.

ಇದರಲ್ಲಿ ಅವಮಾನ ಪಡುವಂಥದ್ದೇನು ಎಂದು ತಾನೇ ಕೇಳಿಕೊಂಡಿದ್ದಾನೆ. ಪುಣ್ಯದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಹೇಳುತ್ತಾರೆ, ಮತ್ತು ಮದುವೆಯಲ್ಲಿ ಅವನ ಕೈಗೆ ಮೈಕು ಕೊಡುವುದಿಲ್ಲ. ಸಿಂದಗಿಯಲ್ಲಿ ಹೆಂಡತಿ ಸುವರ್ಣಾಳ ತಮ್ಮನ ಲಗ್ನದಲ್ಲಿ, ಊಟಕ್ಕೆ ಏಳಬೇಕೆಂದು ಹೇಳಲು ನಾಲ್ಕು ಮಾತಾಡೋಣವೆಂದು ಎದ್ದು 'ಸಮಸ್ತ ಬಂಧುಗಳಲ್ಲಿ' ಎಂದಿದ್ದನಷ್ಟೆ, ಬಾಗೇವಾಡಿ ಕಡೆಯ ಒಬ್ಬ ಹಿರಿಯರು ಮೈಕನ್ನು ಮೆತ್ತಗೆ ಕಸಿದುಕೊಂಡು, ನೀ ಪಂಕ್ತಿ ನೋಡಿಕೋ ತಮ್ಮಾ ಎಂದಿದ್ದರು. ಮೆತ್ತಗೆ ಕಸಿದದ್ದೇ ನೋವು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಫೋನು ಮಾಡಿದರೆ ಮುದ್ದೇಬಿಹಾಳದ ಅಕ್ಕ ಕೂಡ 'ಏನಾತೋ' ಎಂದು ಉಸಿರು ಹಿಡಿಯುತ್ತಾಳೆ. ಹಾಗಾಗಿ ಅವನು ಈಗ ಯಾರಿಗೆ ಫೋನು ಹಚ್ಚಿದರೂ ಮೊದಲು 'ಎಲ್ಲಾ ಆರಾಮ' ಎಂದು ಹೇಳಿಯೇ ಮುಂದಿನ ಮಾತು. ಮತ್ತು ಅವ್ವ. ಅಪ್ಪ ತೀರಿಕೊಂಡ ಬೆಳಿಗ್ಗೆಯ ಸುದ್ದಿಯನ್ನೂ ಅವನೇ ಹೇಳಿದ್ದ. ಮನೆಯಲ್ಲೇ ರೆಕಾರ್ಡು ಮಾಡಿದ್ದರಲ್ಲಿ ಹೆಂಗಸರ ಅಳು ಸೇರಿಕೊಂಡು ಮಾತು ತಿಳಿಯಲಿಲ್ಲವೆಂದು ಬಂದೇನವಾಜನ ಮೈಕಿನ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಮತ್ತೊಮ್ಮೆ ಹೇಳಿದ್ದ. ಎರಡನೆಯ ಸಲ ಎಲ್ಲಿಯೂ ತಪ್ಪಲಿಲ್ಲ. ಬಿಡುವು ಇರಬೇಕಾದಲ್ಲೇ ಇತ್ತು. ಹೇಳಿ ಮುಗಿಸಿದಾಗ ಚಲೋ ಬಂತು ಅನ್ನಿಸಿತ್ತು, ಅನ್ನಿಸಿದ್ದು ತಿಳಿದು ಹೇಸಿಗೆಯಾಗಿತ್ತು. ಮನೆಗೆ ಮರಳಿದಾಗ ಆಟೋ ಅವರ ಓಣಿಯಲ್ಲೇ ಹಾಯುತ್ತಿತ್ತು. ಹೊನ್ನವ್ವ ಹೊಸ್ತಿಲಲ್ಲಿ ನಿಂತು ಭೋಂಗಾದ ಕಡೆ ನೋಡಿ, ಆಮೇಲೆ ಮಗನ ಬಾಯಿಯ ಕಡೆ ನೋಡಿದ್ದಳು. ಅಂದಿನಿಂದ ಆ ದನಿ ಓಣಿಗೆ ಬಂದರೆ ಸಾಕು, ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಅಷ್ಟಕ್ಕೇ ಬಿಟ್ಟು ಕೈ ಕಟ್ಟಿ ಕೂತುಬಿಡುತ್ತಾಳೆ. ಆಟೋ ಹೋದಮೇಲೂ ಅವತ್ತು ಮತ್ತೆ ಬಡಿಯುವುದಿಲ್ಲ. ಉಳಿದ ಹಿಟ್ಟನ್ನು ಸುವರ್ಣಾ ಮುಗಿಸುತ್ತಾಳೆ.

ಅದಕ್ಕೇ ಈ ಪಾಡ್‌ಕಾಸ್ಟಿನ ಆಸೆ. ಯಾರಿಗೂ ಹೇಳಿಲ್ಲ. ಒಮ್ಮೆಯಾದರೂ ತನ್ನ ಬಾಯಿಂದ ಯಾರೂ ಸಾಯದ ಮಾತು ಜನರ ಮನೆಗೆ ಹೋಗಬೇಕು. ದನಿಯ ಗುರುತು ಸಿಗದಂಥ ಮೈಕು ಸಿಕ್ಕರೆ ಸಾಕು, ಆ ಒಣಕಲು ಮಾಸ್ತರನಾಗಿಯೇ ಮಾತಾಡಿಕೊಂಡಿದ್ದೇನು. ಗುರುತು ಸಿಕ್ಕರೆ ಇದೂ ಮುಗಿಯಿತು. ಈ ಮೈಕನ್ನೂ ಯಾರೋ ಮೆತ್ತಗೆ ಕಸಿದುಕೊಳ್ಳುತ್ತಾರೆ.

ಮಧ್ಯಾಹ್ನ ಬಸಂತರಾಯರು ಬಂದು ಯಾವುದೆಂದು ಅಂತಿಮ ಮಾಡುವವರಿದ್ದರು. ಉಳಿದೆರಡು ಡಬ್ಬಿಗಳು ಸಂಜೆಯ ಒಳಗೆ ಮರಳಿ ಹೋಗಬೇಕು. ದಾನೇಶ್ವರಿ ಚಹಾ ಕುಡಿದು ಲೋಟ ಬದಿಗಿಟ್ಟು, ಇನ್ನು ಹೀಗೆ ಹಲೋ ಹಲೋ ಎಂದು ಉಗುರಿನಿಂದ ಕುಟ್ಟಿದರೆ ಆಗುವುದಿಲ್ಲ, ನಿಜವಾದ ಮಾತೊಂದನ್ನು ಮೂರರಲ್ಲೂ ಹೇಳಬೇಕು ಎಂದಳು. ತೊಗರಿ ಹೂವಾಡುವ ಕಾಲ, ಕಾಯಿಕೊರಕದ ಪತಂಗ ಬರುವ ಕಾಲ. ಮಸೂತಿಯ ರೇಣುಕಾ ಎದುರಿಗೆ ಕೂತಿದ್ದಾಳೆ ಎಂದುಕೊಂಡು ಹೇಳಿರಿ ಅಂದಳು. ಅವಳು ಮಸೂತಿ ಮತ್ತು ಗೊಳಸಂಗಿಯ ಹೆಣ್ಣುಮಕ್ಕಳ ಗುಂಪಿನ ಮುಂದಾಳು. ನೀವೇ ಹೇಳಿರಿ, ಓದಿದವರು ಎಂದು ಅವನು ಜಾರಲು ನೋಡಿದ.

"ನನ್ನ ದನಿ ನಾಕು ಮಾತಿಗೆ ಒಡೀತೈತ್ರಿ ಅಣ್ಣಾರ. ನಿಮ್ಮದು ಎಷ್ಟ್ ಛಂದ ಐತಿ. ನಿಮಗ ಯಾರೂ ಹೇಳಿಲ್ಲೇನ್ರಿ?"

ಯಾರೂ ಹೇಳಿರಲಿಲ್ಲ. ಖಾತ್ರಿ ಐತಿ ಅಂದಿದ್ದರು, ಸ್ಪಷ್ಟ ಐತಿ ಅಂದಿದ್ದರು. ಛಂದ ಐತಿ ಎಂದು ಯಾರೂ ಅಂದಿರಲಿಲ್ಲ. ಆ ಮಾತಿಗೆ ಅವನು ಕರಗಿಹೋದ. ಅದನ್ನು ತಿಳಿದೇ ಕರಗಿದ ಎನ್ನಬೇಕು. ಮೊದಲ ಎರಡು ಮೈಕಿನಲ್ಲಿ ಹೇಗೋ ಹೇಳಿ ಮುಗಿಸಿ ಮೂರನೆಯದನ್ನು ಕೈಗೆತ್ತಿಕೊಂಡಾಗ ಅದರ ತೂಕ ಬಂದೇನವಾಜನ ಮೈಕಿನ ತೂಕದಷ್ಟೇ ಇತ್ತು, ಕೈ ತಾನಾಗಿ ಬಾಯಿಯಿಂದ ಸರಿಯಾದ ಅಳತೆಯಲ್ಲಿ ನಿಂತಿತು. ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ, 'ಮಸೂತಿ, ಗೊಳಸಂಗಿ ಹಾಗೂ ಸುತ್ತಮುತ್ತಲಿನ ಸಮಸ್ತ ರೈತ ಬಾಂಧವರಲ್ಲಿ ವಿನಂತಿ' ಎಂದು ಹೇಳಿ, ಅಲ್ಲಿ ಬಿಡಬೇಕಾದ ಬಿಡುವನ್ನೂ ಬಿಟ್ಟಿದ್ದ. ಆಮೇಲೆ ಎಚ್ಚರವಾಗಿ ಹೂವಿನ ಮಾತಿಗೆ ಬಂದ. ಪತಂಗ ಸಂಜೆಗೆ ಮೊಟ್ಟೆಯಿಡುತ್ತದೆ, ಬೆಳಿಗ್ಗೆ ಗಿಡದ ಕುಡಿ ಬಗ್ಗಿಸಿ ನೋಡಿರಿ, ಹೊಲದಲ್ಲಿ ಹಕ್ಕಿ ಕೂಡ್ರಲು ಅಲ್ಲಲ್ಲಿ ಕವಲುಗೋಲು ನೆಡಿರಿ, ಹಕ್ಕಿ ಹುಳ ಆರಿಸಿಕೊಂಡರೆ ಕೀಟನಾಶಕದ ಎಣ್ಣೆ ಹೊಡೆಯುವುದು ತಪ್ಪೀತು, ಅವಸರ ಮಾಡಬೇಡಿರಿ. ಹೇಳುತ್ತ ಹೇಳುತ್ತ ಅವನಿಗೆ ಸುಖವಾಗತೊಡಗಿತು. ಹುಳದ ಬಗ್ಗೆ ಇಷ್ಟು ಪ್ರೀತಿಯಿಂದ ಯಾರೂ ಮಾತಾಡಿರಲಿಕ್ಕಿಲ್ಲ.

ಅವನು ಎದ್ದು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ದಾನೇಶ್ವರಿ ಮೂರನೆಯದನ್ನು ಸಂಘದ ಫೋನಿನಿಂದ ರೇಣುಕಾಳ ಗುಂಪಿಗೆ ಕಳಿಸಿಬಿಟ್ಟಿದ್ದಳು. ಇಲ್ಲಿ ಹೆಡ್‌ಫೋನಿನಲ್ಲಿ ಕೇಳಿ ಏನು ಪ್ರಯೋಜನ, ಹೊಲದಲ್ಲಿ ಅವರ ಫೋನಿನಲ್ಲಿ ಹೇಗೆ ಕೇಳುತ್ತದೆಂದು ತಿಳಿಯಬೇಕಲ್ಲ ಎಂದಳು. ಮಾತು ನೂರಕ್ಕೆ ನೂರು ಸರಿ. ಅನೀಲಕುಮಾರ ಅಳಿಸು ಎನ್ನಲು ಬಾಯಿ ತೆರೆದ. ಫೋನು ಆಗಲೇ ಹೊಡೆದುಕೊಳ್ಳತೊಡಗಿತ್ತು.

ಮೊದಲು ರೇಣುಕಾಳೇ. ದಾನೇಶ್ವರಿ ಫೋನನ್ನು ದೊಡ್ಡ ದನಿಗೆ ಹಾಕಿ, ಹೇಗೆ ಕೇಳಿತು ಅಕ್ಕಾ ಎಂದು ಹುರುಪಿನಿಂದ ವಿಚಾರಿಸಿದಳು. ಆ ಕಡೆ ಗಾಳಿ, ಬಳೆಗಳ ಸದ್ದು, ಏದುಸಿರು.

"ಅನೀಲಣ್ಣ ಅದಾರೇನ್ರಿ? ಯಾರ್ರೀ ಹೋದವರು?"

ಹೆಂಗಸರು ಕಳೆ ಕೀಳುವ ಕುರ್ಪಿ ಬಿಟ್ಟು ಎದ್ದು ರಸ್ತೆಗೆ ಬಂದಿದ್ದರಂತೆ. ವಿನಂತಿ ಎಂದು ನಿಲ್ಲಿಸಿದನಲ್ಲ, ಅಲ್ಲಿಗೇ ಎದ್ದಿದ್ದರು. ಮುಂದಿನದನ್ನು ಯಾರು ಕೇಳಿದ್ದಾರೆ. ಒಬ್ಬಳು ತವರಿನವರೇ ಯಾರೋ ಹೋದರೆಂದು ಆಗಲೇ ಅಳುತ್ತಿದ್ದಳು. ದಾನೇಶ್ವರಿ ಏನೂ ತಿಳಿಯದೆ ಫೋನನ್ನೂ ಅವನನ್ನೂ ನೋಡಿದಳು. ಅನೀಲಕುಮಾರ ಫೋನಿನ ಕಡೆ ಬಾಗಿ, ಯಾರೂ ಹೋಗಿಲ್ಲ ರೇಣುಕಾ, ಯಾರೂ ಹೋಗಿಲ್ಲ ಎಂದ. ಆ ಕಡೆ ಒಬ್ಬಳಲ್ಲ, ನಾಲ್ಕಾರು ಜನ ಹೆಂಗಸರು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು, ಹಿಂದೆಯೇ ಯಾರೋ ನಕ್ಕರು, ಅಳುತ್ತಿದ್ದವಳನ್ನು ಬೈದರು.

ದಾನೇಶ್ವರಿಗೆ ಹೇಳಲೇಬೇಕಾಯಿತು. ಆಟೋ, ಭೋಂಗಾ, ಬೆಳಗಿನ ಓಣಿಗಳು. ಅವನು ಚೀಲದ ಮೇಲಿನ ಹೊಲಿಗೆಯನ್ನು ನೋಡುತ್ತ ಹೇಳಿದ. ಈ ಊರಿನಲ್ಲಿ ತನ್ನ ದನಿಗೆ ಹೆದರದೆ ಇದ್ದವಳು ಇವಳೊಬ್ಬಳು, ಇವಳೂ ಹೋದಳು ಎಂದುಕೊಂಡ. ಅವಳು ಕಾಲರಿನ ಮೈಕನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿ, "ಅದಕ್ಕ ಇದ ಬೇಕಂದ್ರೇನ್ರಿ?" ಎಂದಳು. ಅವನು ಹೌದು ಎಂದ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ತಿಂಗಳುಗಟ್ಟಲೆ ತಿಳಿಯದಿದ್ದ ಲೆಕ್ಕವೊಂದು ಬಿಡಿಸಿಕೊಂಡವರ ಸಮಾಧಾನವಿತ್ತು. ಬತ್ತಲಾದಂತೆ ಅನ್ನಿಸಿತು ಅವನಿಗೆ, ಅದರ ಜೊತೆಗೇ ಬೆನ್ನ ಮೇಲಿನದೇನೋ ಇಳಿದಂತೆಯೂ.

ಫೋನು ಮಾತ್ರ ಬಿಡುವು ಕೊಡಲಿಲ್ಲ. ಗೊಳಸಂಗಿಯವರು, ಮಸೂತಿಯವರು, ಅವರಿಂದ ಕೇಳಿದ ಬೇರೆ ಊರಿನವರು, ಸಿಂದಗಿಯ ದೇವಣಗಾಂವದಿಂದ ಯಾರದೋ ಬೀಗರು. ಪ್ರತಿ ಸಲವೂ ಅದೇ ಪ್ರಶ್ನೆ, ಅವನದು ಅದೇ ಉತ್ತರ. ಮೊದಮೊದಲು ತಪ್ಪು ಮಾಡಿದವನ ಹಾಗೆ ಗಡಬಡಿಸಿ ಹೇಳಿದ. ಹೇಳುತ್ತ ಹೋದಂತೆ ಏನೋ ಗಮನಕ್ಕೆ ಬಂತು. ಯಾರೂ ಹೋಗಿಲ್ಲ ಎಂದ ಕೂಡಲೇ ಆ ಕಡೆ ಒಂದು ಉಸಿರು ಸಡಿಲಾಗುತ್ತಿತ್ತು. ಗಂಡಸರದಾದರೆ 'ಹಾಂ' ಎಂದು ಸಣ್ಣಗೆ, ಹೆಂಗಸರದಾದರೆ 'ಯಪ್ಪಾ ಶಿವನೇ' ಎಂದು. ಅವನ ದನಿ ಕೇಳಿ ಜನ ಉಸಿರು ಹಿಡಿದದ್ದಷ್ಟೇ ಅವನಿಗೆ ಗೊತ್ತಿತ್ತು. ಭೋಂಗಾ ಮುಂದಿನ ಓಣಿಗೆ ಹೋಗಿಬಿಡುತ್ತದೆ, ಹಿಂದೆ ಯಾರ ಉಸಿರು ಏನಾಯಿತೆಂದು ಯಾರು ನೋಡಿದ್ದಾರೆ. ಈಗ ಅದು ಕಿವಿಗೆ ತಾಗುವಷ್ಟು ಹತ್ತಿರ ಕೇಳಿಸುತ್ತಿತ್ತು. ಅವನಿಗೆ ಇನ್ನಷ್ಟು ಜನ ಫೋನು ಮಾಡಲಿ ಅನ್ನಿಸತೊಡಗಿತು. ಉಸಿರು ಬಿಟ್ಟವರು ಫೋನು ಇಡುತ್ತಲೂ ಇರಲಿಲ್ಲ. ಮತ್ತೆ ಅದೇನು ವಿನಂತಿ ಎಂದು ಕೇಳುತ್ತಿದ್ದರು. ಅವನು ಪತಂಗದ ಮಾತು, ಕವಲುಗೋಲಿನ ಮಾತು ಹೇಳುತ್ತಿದ್ದ. ಜೀವ ಉಳಿದ ಖುಷಿಯಲ್ಲಿ ಅವರು ಹುಳದ ಸಂಗತಿಯನ್ನು ಪೂರಾ ಕೇಳುತ್ತಿದ್ದರು.

ಇದೆಲ್ಲದರ ನಡುವೆ ಬಸಂತರಾಯರ ಜೀಪು ಬಂದು ನಿಂತಿತು. ಬಸಂತರಾಯರು ನೆಲ, ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ ಎರಡೂ ಇದ್ದ ಹಿರಿಯರು. ಹೋದ ತಿಂಗಳಷ್ಟೇ ಸೊಲ್ಲಾಪುರದಲ್ಲಿ ಹೃದಯ ತೋರಿಸಿಕೊಂಡು ಬಂದಿದ್ದರು. ಕೆಳಗಿಳಿದಾಗ ಅವರ ಕೈಯಲ್ಲಿ ಒಂದು ಹಾರವಿತ್ತು. ದಪ್ಪನೆಯ ಚೆಂಡುಹೂವಿನದು, ಮದುವೆಗೆ ತರುವಂಥದ್ದಲ್ಲ. ಅದನ್ನು ನೋಡಿದ ಕೂಡಲೇ ಅನೀಲಕುಮಾರನಿಗೆ ಎಲ್ಲ ತಿಳಿಯಿತು. ಸಂಘದ ಫೋನಿನಿಂದ, ಅವನ ದನಿಯಲ್ಲಿ, ವಿನಂತಿ. ಸಂಘದಲ್ಲಿ ಹೃದಯದ ಕಾಯಿಲೆಯವರು ಒಬ್ಬರೇ. ಜನ ತಾವೇ ಲೆಕ್ಕ ಕೂಡಿಸಿಕೊಂಡಿದ್ದರು. ಮಸೂತಿಯವರೊಬ್ಬರು ಹಾರ ಹಿಡಿದುಕೊಂಡು ಸೀದಾ ಅವರ ಮನೆಗೆ ಹೋಗಿದ್ದರಂತೆ, ಊಟಕ್ಕೆ ಕೂತಿದ್ದ ಬಸಂತರಾಯರನ್ನು ಕಂಡು ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಅವರ ಕೈಗೇ ಕೊಟ್ಟು ಓಡಿದ್ದರಂತೆ.

ಬಸಂತರಾಯರು ಹಾರವನ್ನು ಮೇಜಿನ ಮೇಲೆ, ಮೂರು ಮೈಕುಗಳ ಪಕ್ಕದಲ್ಲಿ ಇಟ್ಟು ಕುರ್ಚಿ ಎಳೆದುಕೊಂಡರು. ಅನೀಲಕುಮಾರ ಎದ್ದು ನಿಂತ. ತಪ್ಪಾಯಿತು ಸಾವ್ಕಾರ್ರ, ನನ್ನ ದನಿ ಬ್ಯಾಡ, ಬೇರೆಯವರು ಯಾರಾದರೂ ಮಾತಾಡಲಿ ಎಂದು ಹೇಳಿಬಿಡಬೇಕು, ಅವರು ಕಸಿದುಕೊಳ್ಳುವ ಮೊದಲು ತಾನೇ ಕೊಟ್ಟುಬಿಡಬೇಕು ಎಂದು ಮೂರನೆಯ ಮೈಕನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಅವರು ಅವನತ್ತ ನೋಡದೆ ದಾನೇಶ್ವರಿಗೆ, ಅದನ್ನು ಹಚ್ಚವಾ, ನನಗೂ ಕೇಳಿಸು ಎಂದರು. ಅವಳು ಅವರ ತಲೆಗೆ ಹೆಡ್‌ಫೋನು ಹಾಕಿದಳು. ಬಿಳಿ ಟೊಪ್ಪಿಗೆಯ ಮೇಲೆ ಕರೀ ಪಟ್ಟಿ. ಕಣ್ಣು ಮುಚ್ಚಿ ಕೂತು ಮೊದಲಿಂದ ಕಡೆಯವರೆಗೆ ಕೇಳಿದರು. ವಿನಂತಿಯ ಬಿಡುವಿನಲ್ಲಿ ಅವರ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ಅನೀಲಕುಮಾರ ನೋಡಿದ. ಇಂಥವರೂ ಹೆದರುತ್ತಾರಲ್ಲ ಎಂದು ಅವರ ಮೇಲೆ ಮರುಕ ಹುಟ್ಟಿತು. ಮುಗಿದಮೇಲೆ ಹೆಡ್‌ಫೋನು ತೆಗೆದು ಕಿವಿ ಉಜ್ಜಿಕೊಂಡರು.

"ನನ್ನ ಹೆಸರು ಬರತೈತೇನೋ ಅಂತ ಕಡೀತನಕಾ ಕೇಳಿದೆ. ಬರಲಿಲ್ಲ. ಬರೇ ಹುಳದ ಹೆಸರು ಬಂತು."

ಅವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ನಗೆ ಬಂತು. ದಾನೇಶ್ವರಿ ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ನಕ್ಕು ಕಣ್ಣೊರೆಸಿಕೊಂಡು ಬಸಂತರಾಯರು, ತಾನು ಸಭೆಯಲ್ಲಿ ಮಾತಾಡಿದರೆ ಚಹಾ ಬಂದ ಕೂಡಲೇ ಜನ ಏಳುತ್ತಾರೆ, ಇವನು ಮಾತಾಡಿದರೆ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲುತ್ತಾರೆ, ಇಂಥ ದನಿ ಸಂಘದಲ್ಲಿ ಇಟ್ಟುಕೊಂಡು ನಾವು ಡಬ್ಬಿಗಳನ್ನು ಆರಿಸುತ್ತ ಕೂತಿದ್ದೇವಲ್ಲ ಎಂದರು. ಆದರೆ ಪ್ರತಿ ವಾರ ತನಗೆ ಹಾರ ಬಂದರೆ ಮನೆಯಲ್ಲಿ ಹೆಂಡತಿ ಸುಮ್ಮನಿರಲಿಕ್ಕಿಲ್ಲ, ಅದಕ್ಕೇನಾದರೂ ದಾರಿ ನೋಡು ಎಂದೂ ಸೇರಿಸಿದರು. ಅನೀಲಕುಮಾರನಿಗೆ ದಾರಿ ಹುಡುಕಬೇಕಾಗಲಿಲ್ಲ. ಇಷ್ಟು ಹೊತ್ತು ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ಕಾಲರಿನ ಮೈಕನ್ನು ಡಬ್ಬಿಗೆ ಹಾಕಿ, ಕಂಡೆನ್ಸರನ್ನೂ ಅದರ ಡಬ್ಬಿಗೆ ಹಾಕಿ, ಎರಡಕ್ಕೂ ಅಂಟುಪಟ್ಟಿ ಹಚ್ಚಿದ. ಇದ ಇರಲಿ ಎಂದು ಮೂರನೆಯದನ್ನು ಮುಂದಕ್ಕೆಳೆದುಕೊಂಡ. ಮೈಕಿನ ಬಾಯಿಗೆ ಸ್ಪಂಜಿನ ಟೊಪ್ಪಿಗೆ ಒಂದು ಬೇಕು, ನಿಲ್ಲಿಸಲು ಭಾರದ ಸ್ಟ್ಯಾಂಡು ಬೇಕು, ಹೆಡ್‌ಫೋನು ಇದೇ ಸಾಕು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಇಷ್ಟು ದಿನ ಇದನ್ನು ಹೇಳಲು ಏನು ಕಷ್ಟವಿತ್ತೋ ಈಗ ತಿಳಿಯದಾಯಿತು. ಗಿರಣಿಯವನು ಊಟಕ್ಕೆ ಹೋದ ಹೊತ್ತು ನೋಡಿ ದಾನೇಶ್ವರಿ ರೆಕಾರ್ಡರಿನ ಗುಂಡಿ ಒತ್ತಿದಳು.

ಸಂಜೆ ಅವನು ಮನೆಗೆ ಬಂದಾಗ ಒಲೆ ಹೊತ್ತಿತ್ತು. ಹೊನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಓಣಿಯ ತಿರುವಿನಲ್ಲೇ ಕೇಳುತ್ತದೆ, ಈ ವಯಸ್ಸಿನಲ್ಲೂ ಅಂಗೈಗೆ ಅಷ್ಟು ಬಲ. ಅವನು ಕೈಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದ. ಸುವರ್ಣಾಳ ಫೋನಿಗೆ ಹೊಸ ರೆಕಾರ್ಡು ಆಗಲೇ ಬಂದಿದ್ದಿರಬೇಕು. ಅವನು ಬೇಡ ಅನ್ನುವ ಮೊದಲೇ ಅಡುಗೆ ಮನೆಯಿಂದ ಅವನ ದನಿ ಎದ್ದಿತು, ಮೂರನೆಯ ಮೈಕಿನದು, ಇದ್ದದ್ದು ಇದ್ದ ಹಾಗೆ. 'ಮಸೂತಿ, ಗೊಳಸಂಗಿ ಹಾಗೂ ಸುತ್ತಮುತ್ತಲಿನ ಸಮಸ್ತ ರೈತ ಬಾಂಧವರಲ್ಲಿ ವಿನಂತಿ.' ಅದನ್ನು ತೆಗೆಯುವುದು ಬೇಡ, ನನ್ನ ಮಾತು ಹಾಗೇ ಶುರುವಾಗುತ್ತದೆ ಎಂದು ಅವನೇ ಹಟ ಮಾಡಿ ಇಟ್ಟಿದ್ದ. ಬಿಡುವು ಬಂತು. ರೊಟ್ಟಿಯ ಸದ್ದು ನಿಂತಿತು. ಅವನು ತಂಬಿಗೆ ಹಿಡಿದು ಹಿತ್ತಲಲ್ಲಿ ಹಾಗೇ ನಿಂತ. ನೀರು ಕಾಲ ಮೇಲೆ ಸುರಿಯುತ್ತಿತ್ತು. ಒಳಗೆ ಅವ್ವನ ಕೈ ಈಗ ಎಲ್ಲಿದೆ, ಹಿಟ್ಟಿನ ಮೇಲೋ, ಎದೆಯ ಮೇಲೋ. ತಾನು ಇಷ್ಟು ಉದ್ದ ಬಿಡುವು ಬಿಟ್ಟಿದ್ದೆನೇ.

"ಇವತ್ತ ಯಾರೂ ಹೋಗಿಲ್ರಿ," ಎಂದಿತು ಫೋನು. "ಎಲ್ಲಾರೂ ಆರಾಮ ಅದಾರ. ಕೆಲಸ ಬಿಡಬ್ಯಾಡ್ರಿ, ಮಾಡ್ಕೋತ ಕೇಳ್ರಿ."

ದನಿ ತೊಗರಿ ಹೂವಿನ ಕಡೆಗೆ ಹೊರಳಿತು. ಒಳಗಿನಿಂದ ಏನೂ ಕೇಳಿಸಲಿಲ್ಲ. ಒಲೆಯಲ್ಲಿ ಕಟ್ಟಿಗೆ ಸಿಡಿಯಿತು ಅಷ್ಟೆ. ಆಮೇಲೆ ಹೊನ್ನವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.